ಡಿಸ್ಕಿನ ಪಾಲುಪಟ್ಟಿ

ಕಳೆದ ಮಳೆಗಾಲದ ಒಂದು ಭಾನುವಾರ. ನಮ್ಮ ಡೊಂಬಿವಲಿಯಲ್ಲಿ ಬೆಳಿಗ್ಗೆಯಿಂದ ಕರೆಂಟು ಹೋಗುವುದು ಬರುವುದು ನಡೆದೇ ಇತ್ತು. ಮಧ್ಯಾಹ್ನ ಊಟ ಮುಗಿಸಿ ಎದ್ದು ನೋಡಿದರೆ, ಟಿವಿ ಪಕ್ಕದಲ್ಲಿ ಒಂಬತ್ತು ವರ್ಷದಿಂದ ಸಣ್ಣಗೆ ಗುಂಯ್ ಎನ್ನುತ್ತ ಕೂತಿದ್ದ ಕಪ್ಪು ಪೆಟ್ಟಿಗೆ ದೀಪ ಆರಿಸಿಕೊಂಡು ಸುಮ್ಮನಾಗಿದೆ. ಅದೇ ನೋಡಿ, ಮನೆಯ ಫೋಟೋ, ವಿಡಿಯೋ, ಹಾಡುಗಳನ್ನೆಲ್ಲ ಒಂದೆಡೆ ಇಟ್ಟುಕೊಂಡು ಮನೆಯೊಳಗಿನ ನೆಟ್‌ವರ್ಕ್ ಮೂಲಕ ಎಲ್ಲರ ಮೊಬೈಲು, ಲ್ಯಾಪ್‌ಟಾಪುಗಳಿಗೆ ಹಂಚುವ, ನಾಸ್ ಅಂತ ಕರೆಯುವ ಡಬ್ಬ. ಯಾವ ಕಂಪನಿಯದ್ದು ಅನ್ನುವುದು ಬೇಡ ಬಿಡಿ, ಒಂಬತ್ತು ವರ್ಷ ದುಡಿದಿದೆ ಪಾಪ.

ಅದರೊಳಗೆ ಎರಡು ಡಿಸ್ಕು. ಎರಡರಲ್ಲೂ ಇರುವುದು ಒಂದೇ ಮಾಲು, ಒಂದು ಇನ್ನೊಂದರ ನಕಲು. ಪೆಟ್ಟಿಗೆ ಕೆಟ್ಟರೇನಂತೆ, ಡಿಸ್ಕು ಇದೆಯಲ್ಲ ಎಂದುಕೊಂಡು ಒಂದನ್ನು ಎಳೆದು ತೆಗೆದು, ಯುಎಸ್‌ಬಿ ಕೇಬಲ್ ಸಿಕ್ಕಿಸಿ ಲ್ಯಾಪ್‌ಟಾಪಿಗೆ ಜೋಡಿಸಿದೆ. ವಿಂಡೋಸ್ ಒಂದು ಕ್ಷಣ ಯೋಚಿಸಿ ಕೇಳಿತು: ಈ ಡಿಸ್ಕನ್ನು ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?

ಆ ಡಿಸ್ಕಿನಲ್ಲಿ ಏನಿತ್ತು ಅನ್ನುವುದನ್ನು ಹೇಳಬೇಕು. ನಮ್ಮ ಅಪ್ಪಯ್ಯ ಕುಂದಾಪುರದ ಕಡೆಯ ಹಳ್ಳಿಯೊಂದರಲ್ಲಿ ಶಾಲೆ ಮಾಸ್ತರರು. ರಾತ್ರಿಯಾದರೆ ತಾಳಮದ್ದಳೆಯ ಅರ್ಥಧಾರಿ. ದೊಡ್ಡ ಹೆಸರಿನವರೇನಲ್ಲ, ಸುತ್ತಲಿನ ನಾಲ್ಕು ಊರಿಗೆ ಗೊತ್ತಿದ್ದವರು. 1979ರಿಂದ 1994ರವರೆಗಿನ ಕೂಟಗಳನ್ನು ನಮ್ಮಣ್ಣ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದ, ಒಟ್ಟು 41 ಕ್ಯಾಸೆಟ್ಟು. ನಾನು ಅವನ್ನೆಲ್ಲ ಮುಂಬಯಿಗೆ ತಂದು, ಎರಡು ಬೇಸಿಗೆ ರಜೆ ಕೂತು ಕಂಪ್ಯೂಟರಿಗೆ ಇಳಿಸಿದ್ದೆ. ಅಪ್ಪಯ್ಯ ಹೋಗಿ ಹದಿನಾರು ವರ್ಷವಾಯಿತು. ಅವರ ಧ್ವನಿ ಈಗ ಇರುವುದು ಅಲ್ಲಿ ಮಾತ್ರ.

ಬೆಂಗಳೂರಿನಲ್ಲಿರುವ ಮಗಳಿಗೆ ಫೋನು ಹಚ್ಚಿದೆ. ಅವಳು ಅರ್ಧ ಕೇಳುವಷ್ಟರಲ್ಲೇ ಕೂಗಿದಳು, "ಅಪ್ಪಾ, ಏನೂ ಒತ್ತಬೇಡಿ! ಕ್ಯಾನ್ಸಲ್ ಮಾಡಿ, ಡಿಸ್ಕ್ ತೆಗೆದಿಡಿ." ಅಡುಗೆಮನೆಯಿಂದ ಬಂದ ನನ್ನವಳು, "ಹ್ವಾಯ್, ಮಾವಯ್ಯನ ಕ್ಯಾಸೆಟ್ ಎಲ್ಲ ಹೋಯ್ತಾ?" ಎಂದು ಬಾಗಿಲಲ್ಲೇ ನಿಂತಳು. ಮಗಳು ಆ ಕಡೆಯಿಂದ ಸಮಾಧಾನ ಹೇಳಿದಳು, "ಎಲ್ಲ ಇದೆ ಅಪ್ಪಾ. ವಿಂಡೋಸ್‌ಗೆ ಅದನ್ನು ಓದಲಿಕ್ಕೆ ಬರುವುದಿಲ್ಲ, ಅಷ್ಟೆ."

ಓದಲಿಕ್ಕೆ ಬಾರದವನು "ಇದರಲ್ಲಿ ಏನೂ ಬರೆದಿಲ್ಲ, ಅಳಿಸಿಬಿಡಲೇ?" ಅನ್ನುವುದು ಎಂಥ ನ್ಯಾಯ ಮಾರಾಯ್ರೆ? ಆ ಒಂದು ಪ್ರಶ್ನೆ ತಲೆಯೊಳಗೆ ಕೂತು, ನಂತರದ ಎರಡು ಮೂರು ತಿಂಗಳು ಲೋಕಲ್ ಟ್ರೈನಿನಲ್ಲಿ ಹೋಗುತ್ತ ಬರುತ್ತ ಡಿಸ್ಕುಗಳ ಚರಿತ್ರೆಯನ್ನೇ ಓದಿದೆ. ನಾನು ಹೇಳಿ ಕೇಳಿ ಬಿಕಾಂ. ಎಂಜಿನಿಯರುಗಳು ತಪ್ಪು ಕಂಡರೆ ತಿದ್ದಿ. ಆದರೆ ಓದಿದಷ್ಟೂ ಇದು ಎಂಜಿನಿಯರುಗಳದ್ದಕ್ಕಿಂತ ನಮ್ಮಂಥ ಲೆಕ್ಕ ಬರೆಯುವವರ ಚರಿತ್ರೆ ಅನ್ನಿಸಿತು.

ಯಾಕೆಂದರೆ ಮೊಟ್ಟಮೊದಲ ಹಾರ್ಡ್ ಡಿಸ್ಕ್ ಹುಟ್ಟಿದ್ದೇ ಲೆಕ್ಕಪತ್ರಕ್ಕಾಗಿ. ಐಬಿಎಂ 1956ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಯಂತ್ರದ ಹೆಸರು 305 ರಾಮಾಕ್. ಆ ಹೆಸರನ್ನು ಬಿಡಿಸಿದರೆ "ರಾಂಡಮ್ ಆಕ್ಸೆಸ್ ಮೆಥಡ್ ಆಫ್ ಅಕೌಂಟಿಂಗ್ ಅಂಡ್ ಕಂಟ್ರೋಲ್". ಅಕೌಂಟಿಂಗ್, ನೋಡಿ! ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ರೆನಾಲ್ಡ್ ಜಾನ್ಸನ್ ಎಂಬವರ ತಂಡ ಮಾಡಿದ್ದು. 24 ಅಂಗುಲ ಅಗಲದ 50 ತಟ್ಟೆಗಳು ಒಂದರ ಮೇಲೊಂದು, ನಿಮಿಷಕ್ಕೆ 1,200 ಸುತ್ತು. ಡಿಸ್ಕಿನ ಘಟಕವೊಂದೇ ಸುಮಾರು ಒಂದು ಟನ್ ತೂಕ. ಅಷ್ಟೆಲ್ಲ ಇದ್ದು ಅದರಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ, ಇವತ್ತಿನ ಲೆಕ್ಕದಲ್ಲಿ 4 ಎಂಬಿಗೂ ಕಡಿಮೆ. ಅಪ್ಪಯ್ಯನ ಒಂದು ಕ್ಯಾಸೆಟ್ಟಿನ ಒಂದು ಬದಿಗೇ ಅದು ಸಾಲದು.

ಆದರೂ ಅದು ಯಾಕೆ ದೊಡ್ಡದು? ಅಲ್ಲಿಯವರೆಗೆ ಇದ್ದದ್ದು ರಂಧ್ರದ ಕಾರ್ಡುಗಳು ಮತ್ತು ಟೇಪು. ಟೇಪಿನ ಕಷ್ಟ ನಮ್ಮ ವಯಸ್ಸಿನವರಿಗೆ ಹೇಳಿಕೊಡಬೇಕಾಗಿಲ್ಲ. ಮೂರನೇ ಹಾಡು ಬೇಕಾದರೆ ಮೊದಲೆರಡನ್ನು ಓಡಿಸಲೇಬೇಕು. ಗ್ರಾಮಫೋನ್ ತಟ್ಟೆಯಲ್ಲಾದರೆ ಮುಳ್ಳನ್ನು ಎತ್ತಿ ಬೇಕಾದ ಕಡೆ ಇಡಬಹುದು. ರಾಮಾಕ್ ಮಾಡಿದ್ದು ಅದನ್ನೇ. ಗಿರಾಕಿಯ ಖಾತೆ ಯಾವ ಪುಟದಲ್ಲಿದ್ದರೂ ನೇರ ಅಲ್ಲಿಗೆ ಹೋಗಿ ಬರೆದು ಬರುವುದು. ಲೆಡ್ಜರು ತಿರುವಿ ಪೋಸ್ಟಿಂಗ್ ಮಾಡಿದವರಿಗೆ ಇದರ ಬೆಲೆ ಗೊತ್ತು.

ಆಗಿನ ಡಿಸ್ಕುಗಳಿಗೆ ಒಬ್ಬನೇ ಯಜಮಾನ, ದೊಡ್ಡ ಕಂಪ್ಯೂಟರು. ಪಾಲಿನ ತಕರಾರು ಸಾಮಾನ್ಯರ ಮೇಜಿಗೆ ಬಂದದ್ದು 1983ರಲ್ಲಿ. ಆ ವರ್ಷದ ಮಾರ್ಚಿನಲ್ಲಿ ಐಬಿಎಂ ತನ್ನ ಪಿಸಿ ಎಕ್ಸ್‌ಟಿಯನ್ನು 10 ಎಂಬಿ ಹಾರ್ಡ್ ಡಿಸ್ಕಿನೊಂದಿಗೆ ತಂದಿತು, ಜೊತೆಗೆ ಡಾಸ್ 2.0. ಅದಕ್ಕೂ ಮೊದಲು ಪಿಸಿ ಎಂದರೆ ಫ್ಲಾಪಿ, ಯಾವ ಫ್ಲಾಪಿ ಹಾಕಿದರೆ ಅದರ ರಾಜ್ಯ. ಹಾರ್ಡ್ ಡಿಸ್ಕು ಹಾಗಲ್ಲ, ಒಳಗೇ ಕೂತಿರುತ್ತದೆ. ಒಂದೇ ಡಿಸ್ಕಿನಲ್ಲಿ ಡಾಸ್ ಬೇಕು, ಸಿಪಿ/ಎಂ-86 ಬೇಕು, ಇನ್ನೊಬ್ಬರಿಗೆ ಯುನಿಕ್ಸ್ ಬೇಕು ಅಂದರೆ ಒಬ್ಬರ ಅಂಗಳದಲ್ಲಿ ಇನ್ನೊಬ್ಬರು ಕಾಲಿಡದ ಹಾಗೆ ಗಡಿ ಹಾಕಬೇಕಲ್ಲ? ಅದಕ್ಕೆ ಎಫ್‌ಡಿಸ್ಕ್ ಎಂಬ ಪ್ರೋಗ್ರಾಮು ಕೊಟ್ಟರು. ಡಿಸ್ಕಿನ ಮೊತ್ತಮೊದಲ 512 ಬೈಟಿನ ತುಣುಕಿನಲ್ಲಿ ಒಂದು ಪಾರ್ಟಿಷನ್ ಟೇಬಲ್ ಬರೆದರು.

ಪಾರ್ಟಿಷನ್ ಟೇಬಲ್ ಎಂದರೆ ನನಗೆ ತಟ್ಟನೆ ನೆನಪಾದದ್ದು ನಮ್ಮ ಊರ ಪಾಲುಪಟ್ಟಿ. ಸಾಲ ಮಂಜೂರು ಮಾಡುವ ಕುರ್ಚಿಯಲ್ಲಿ ಕೂತಾಗ ಇಂಥ ಪತ್ರಗಳನ್ನು ಎಷ್ಟು ನೋಡಿದ್ದೇನೋ. ಯಾವ ಸರ್ವೆ ನಂಬರು, ಎಲ್ಲಿಂದ ಶುರು, ಎಷ್ಟು ವಿಸ್ತೀರ್ಣ, ಯಾರ ಪಾಲು. ಡಿಸ್ಕಿನ ಪಟ್ಟಿಯಲ್ಲೂ ಬರೆದಿರುವುದು ಅಷ್ಟೇ: ಎಲ್ಲಿಂದ ಶುರು, ಎಷ್ಟು ಉದ್ದ, ಯಾರದ್ದು. "ಯಾರದ್ದು" ಎನ್ನಲು ಒಂದು ಬೈಟಿನ ಗುರುತು. ನಂತರದ ದಿನಗಳಲ್ಲಿ 07 ಎಂದರೆ ವಿಂಡೋಸಿನ ಎನ್‌ಟಿಎಫ್‌ಎಸ್, 83 ಎಂದರೆ ಲಿನಕ್ಸ್, ಹೀಗೆ. ಕಂಪ್ಯೂಟರನ್ನು ಎಬ್ಬಿಸುವ ಸೂಚನೆಗಳಿಗೆ 446 ಬೈಟು, ಪಾಲಿನ ಪಟ್ಟಿಗೆ 64, ಕೊನೆಗೆ ಸಹಿಯಂತೆ 2. ಕೂಡಿ ನೋಡಿ, ಸರಿಯಾಗಿ 512. ಒಂದು ಪಾಲಿಗೆ 16 ಬೈಟು, ಆದ್ದರಿಂದ 64ರಲ್ಲಿ ಹಿಡಿಯುವುದು ನಾಲ್ಕೇ ಪಾಲು. ಮುಂದೆ ಎರಡು ದಶಕಕ್ಕೂ ಹೆಚ್ಚು ಕಾಲ ಜಗತ್ತಿನ ಪಿಸಿಗಳೆಲ್ಲ ಈ ನಾಲ್ಕು ಸಾಲಿನ ಚೀಟಿಯ ಮೇಲೆ ನಡೆದವು.

ಇಲ್ಲೊಂದು ಮಾತನ್ನು ಗಮನದಲ್ಲಿಡಿ. ಪಾಲುಪಟ್ಟಿ ಹರಿದುಹೋದರೆ ಗದ್ದೆ ಎಲ್ಲಿಗೂ ಹೋಗುವುದಿಲ್ಲ, ಬೆಳೆಯೂ ಅಲ್ಲೇ ನಿಂತಿರುತ್ತದೆ. ಯಾವುದು ಎಲ್ಲಿಂದ ಎಲ್ಲಿಯವರೆಗೆ ಅನ್ನುವುದು ಗೊತ್ತಾಗದು, ಅಷ್ಟೆ. ಹಾಗೆಂದು ಬೇರೆಯವನೊಬ್ಬ ಬಂದು, ಇದು ಪಾಳುಭೂಮಿ ಎಂದು ಉಳುಮೆ ಶುರುಮಾಡಿದರೆ ಕತೆ ಮುಗಿಯಿತು. ಡಿಸ್ಕಿನಲ್ಲಿ ಪಟ್ಟಿ ಹೋದ ಮೇಲೂ ಫೈಲುಗಳನ್ನು ಹುಡುಕಿ ಕೊಡುವವರಿದ್ದಾರೆ. ಅದರ ಮೇಲೆ ಹೊಸದಾಗಿ ಬರೆದ ಮೇಲೆ ಯಾರೂ ಇಲ್ಲ.

ನಾಲ್ಕು ಪಾಲು ಸಾಲದಾಯಿತು. 1987ರ ಡಾಸ್ 3.3ರಲ್ಲಿ, ಒಂದು ಪಾಲಿನೊಳಗೆ ಮತ್ತೆ ಒಳಪಾಲು ಮಾಡುವ ಉಪಾಯ ಬಂತು. ಅದಕ್ಕಿಂತ ಕಾಟ ಕೊಟ್ಟದ್ದು ಇನ್ನೊಂದು ಮಿತಿ. ಡಾಸ್ ಆಗ ಒಂದು ಪಾಲಿನಲ್ಲಿ ಎಣಿಸಬಲ್ಲ ತುಣುಕುಗಳು 65,536, ತುಣುಕಿಗೆ 512 ಬೈಟು, ಗುಣಿಸಿದರೆ 32 ಎಂಬಿ. ನಾನು 1992ರಲ್ಲಿ ಬ್ಯಾಂಕು ಸೇರಿದಾಗ ನಮ್ಮ ಶಾಖೆಯಲ್ಲಿದ್ದ ಒಂದೇ ಒಂದು ಪಿಸಿಗೆ 40 ಎಂಬಿ ಡಿಸ್ಕು, ಹಳೆಯ ಡಾಸು. 32 ಎಂಬಿಗೆ ಸಿ ಡ್ರೈವ್, ಉಳಿದ 8ಕ್ಕೆ ಡಿ. "ಡಿ ಯಾಕೆ ಸಾರ್?" ಎಂದು ನಮ್ಮ ಅಕೌಂಟೆಂಟರನ್ನು ಕೇಳಿದ್ದೆ. ಅವರು ಗಂಭೀರವಾಗಿ, "ಡಿ ಫಾರ್ ಡೇಟಾ" ಎಂದಿದ್ದರು! ಬಹಳ ವರ್ಷ ನಾನು ಅದನ್ನೇ ನಂಬಿದ್ದೆ, ಇನ್ನೂ ನಾಲ್ಕು ಜನರಿಗೆ ಹೇಳಿಯೂ ಕೊಟ್ಟಿದ್ದೆ. 1988ರ ಡಾಸ್ 4.0ರಲ್ಲೇ ಆ ಮಿತಿ ಹೋಗಿತ್ತು. ಆದರೆ ಚಾಳಿ ಹೋಗಲಿಲ್ಲ. ಲ್ಯಾಮಿಂಗ್ಟನ್ ರೋಡಿನಲ್ಲಿ ಕಂಪ್ಯೂಟರು ಜೋಡಿಸಿ ಕೊಡುತ್ತಿದ್ದ ಹುಡುಗರು ಕೇಳದೆಯೇ ಸಿ, ಡಿ, ಇ ಎಂದು ಮೂರು ಪಾಲು ಮಾಡಿಕೊಡುತ್ತಿದ್ದರು.

ಬ್ಯಾಂಕಿನ ಮಾತು ಬಂತಲ್ಲ, ಒಂದೆರಡು ಸಾಲು ಹೆಚ್ಚಿಗೆ ಬರೆಯುತ್ತೇನೆ. ರಂಗರಾಜನ್ ಸಮಿತಿಯ 1984ರ ವರದಿಯ ನಂತರ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ಎಎಲ್‌ಪಿಎಂ ಎನ್ನುತ್ತಿದ್ದೆವು. ದಿನದ ಕೊನೆಗೆ ಬ್ಯಾಕಪ್ ತೆಗೆಯುವುದು ಕಡ್ಡಾಯ. ನಮ್ಮಲ್ಲಿ ಒಂದು ಸೆಟ್ ಶಾಖೆಯ ತಿಜೋರಿಯಲ್ಲಿ, ಇನ್ನೊಂದು ಹತ್ತಿರದ ಬೇರೆ ಶಾಖೆಯಲ್ಲಿ. ಆ ಫ್ಲಾಪಿಗಳ ಪೊಟ್ಟಣವನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಕೊಟ್ಟು, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಬರುವ ಕೆಲಸ ಹೊಸಬನಾದ ನನ್ನದು. ಬೈದುಕೊಂಡೇ ಹೋಗುತ್ತಿದ್ದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದು, ನೆಲಮಹಡಿಯ ಎಷ್ಟೋ ಕಚೇರಿಗಳ ಕಡತ, ಕಂಪ್ಯೂಟರುಗಳೆಲ್ಲ ಮುಳುಗಿದಾಗ ಆ ಚೀಲದ ಅರ್ಥವಾಯಿತು. ಮನೆಯಲ್ಲಿ ಮಾತ್ರ ಆ ಬುದ್ಧಿ ಬರಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಈಗ ಎರಡು ಡಿಸ್ಕಿನ ವಿಷಯ. ಇದಕ್ಕೆ ರೇಡ್ ಎಂದು ಹೆಸರು. ಆದಾಯ ತೆರಿಗೆಯವರ ರೇಡ್ ಅಲ್ಲ! 1980ರ ದಶಕದಲ್ಲಿ ದೊಡ್ಡ ಕಂಪ್ಯೂಟರುಗಳ ಡಿಸ್ಕು ವಿಪರೀತ ದುಬಾರಿ. ಪಿಸಿಯ ಸಣ್ಣ ಡಿಸ್ಕು ಅಗ್ಗ, ಆದರೆ ನೂರು ಸಣ್ಣವನ್ನು ಜೋಡಿಸಿದರೆ ಯಾವುದಾದರೂ ಒಂದು ಆಗಾಗ ಸಾಯುವುದು ಖಂಡಿತ. ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಈ ಮೂವರು 1988ರಲ್ಲಿ ಒಂದು ಪ್ರಬಂಧ ಮಂಡಿಸಿ, ಸಾಯುವುದನ್ನು ಮೊದಲೇ ಒಪ್ಪಿಕೊಂಡು ಲೆಕ್ಕ ಹಾಕಿ ಎಂದರು. ರೇಡ್ ಎಂಬ ಹೆಸರಿನಲ್ಲಿದ್ದ "ಇನೆಕ್ಸ್‌ಪೆನ್ಸಿವ್", ಅಂದರೆ ಅಗ್ಗದ, ಎಂಬ ಪದ ಮುಂದೆ "ಇಂಡಿಪೆಂಡೆಂಟ್" ಆಯಿತು. ಮಾರುವವರಿಗೆ ಅಗ್ಗ ಎಂದು ಹೇಳಿಕೊಳ್ಳಲು ಮನಸ್ಸು ಬಂದಿರಲಿಕ್ಕಿಲ್ಲ.

ಡಿಸ್ಕುಗಳನ್ನು ಜೋಡಿಯಾಗಿ ನಕಲು ಇಡುವ ಪದ್ಧತಿ ಅದಕ್ಕೂ ಮೊದಲೇ ಇತ್ತು. ಇವರು ಅದನ್ನು ರೇಡ್ 1 ಎಂದು ಕರೆದು, 5ರವರೆಗೆ ಬೇರೆ ಬೇರೆ ಕ್ರಮಗಳನ್ನು ವಿವರಿಸಿದರು. ಐದನೆಯದು ನನ್ನಂಥವನಿಗೂ ಅರ್ಥವಾಗುವಂಥದ್ದು. ಮೂರು ಡಿಸ್ಕು ಇವೆ ಎನ್ನಿ. ಒಂದರಲ್ಲಿ 7 ಬರೆದೆ, ಇನ್ನೊಂದರಲ್ಲಿ 5, ಮೂರನೆಯದರಲ್ಲಿ ಮೊತ್ತ 12. ಯಾವುದಾದರೂ ಒಂದು ಹಾಳಾದರೆ ಉಳಿದ ಎರಡರಿಂದ ಅದನ್ನು ಹಿಂದೆ ಪಡೆಯಬಹುದು. ನಿಜವಾಗಿ ಅವರು ಮಾಡುವುದು ಕೂಡುವುದನ್ನಲ್ಲ, ಪ್ಯಾರಿಟಿ ಎಂಬ ಎರಡಂಕಿಯ ಲೆಕ್ಕ. ತತ್ವ ಮಾತ್ರ ಇದೇ. ಮೊತ್ತವೆಲ್ಲ ಒಂದೇ ಡಿಸ್ಕಿನಲ್ಲಿ ಕೂರದೆ ಸರದಿಯಂತೆ ಎಲ್ಲದರಲ್ಲೂ ಹಂಚಿಹೋಗುತ್ತದೆ.

ಇಂಥವು ಕಂಪನಿಗಳಿಂದ ಮನೆಗೆ ಬಂದ ದಾರಿಯಲ್ಲಿ ನನಗೆ ಇಷ್ಟವಾದದ್ದು ಆಂಡ್ರ್ಯೂ ಟ್ರಿಜೆಲ್ ಎಂಬ ಆಸ್ಟ್ರೇಲಿಯದ ವಿದ್ಯಾರ್ಥಿಯ ಕತೆ. 1991ರ ಕೊನೆಯಲ್ಲಿ ಕ್ಯಾನ್‌ಬೆರಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಅವರಿಗೆ ತಮ್ಮ ಡಾಸ್ ಪಿಸಿಯಿಂದ ಯುನಿಕ್ಸ್ ಯಂತ್ರದ ಡಿಸ್ಕು ಕಾಣಬೇಕಿತ್ತು. ತಂತಿಯ ಮೇಲೆ ಹೋಗುವ ಮಾತುಕತೆಯನ್ನು ಕದ್ದು ಕೇಳಿ, ಆ ಭಾಷೆಯನ್ನು ಕಲಿತು, ಅದನ್ನು ಮಾತಾಡುವ ಪ್ರೋಗ್ರಾಮು ಬರೆದರು. ಅದೇ ಸಾಂಬಾ. ಹೆಸರು ಬಂದದ್ದೂ ತಮಾಷೆ. ಆ ಭಾಷೆಯ ಹೆಸರು ಎಸ್‌ಎಂಬಿ, ಆ ಮೂರು ಅಕ್ಷರ ಕ್ರಮವಾಗಿ ಬರುವ ಪದ ಯಾವುದಿದೆ ಎಂದು ಕಂಪ್ಯೂಟರಿನ ಪದಪಟ್ಟಿಯಲ್ಲಿ ಹುಡುಕಿದಾಗ ಸಿಕ್ಕಿದ್ದು. ಪುಕ್ಕಟೆ ಲಿನಕ್ಸ್, ಪುಕ್ಕಟೆ ಸಾಂಬಾ, ಅಗ್ಗದ ಡಿಸ್ಕು, ಈ ಮೂರು ಸೇರಿದ ಮೇಲೆ 2000ದ ದಶಕದಲ್ಲಿ ಮನೆಯ ನಾಸ್ ಪೆಟ್ಟಿಗೆಗಳು ಅಂಗಡಿಗೆ ಬಂದವು. ಹೊರಗೆ ಯಾರ ಹೆಸರೇ ಇರಲಿ, ಬಹುಪಾಲು ಪೆಟ್ಟಿಗೆಗಳ ಒಳಗೆ ಕೂತಿರುವುದು ಲಿನಕ್ಸ್.

ಅಂಥ ಪೆಟ್ಟಿಗೆಗೆ ಹೊಸ ಡಿಸ್ಕು ಹಾಕಿದಾಗ ಒಳಗೆ ಏನಾಗುತ್ತದೆ ಎನ್ನುವುದನ್ನು ನಾನು ಒಂಬತ್ತು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಸಿನಾಲಜಿಯಂಥ ಪೆಟ್ಟಿಗೆಗಳು ಪ್ರತಿ ಡಿಸ್ಕಿನ ತಲೆಯಲ್ಲಿ ಕೆಲವು ಜಿಬಿಯ ಸಣ್ಣ ಪಾಲೊಂದನ್ನು ತಮ್ಮ ಆಪರೇಟಿಂಗ್ ಸಿಸ್ಟಮಿಗೆಂದು ಇಟ್ಟುಕೊಳ್ಳುತ್ತವೆ, ಪಕ್ಕದಲ್ಲಿ ಇನ್ನೊಂದು ಸಣ್ಣ ಪಾಲು ಕೈಯಾಡಿಸುವ ಜಾಗವಾಗಿ. ನಾಲ್ಕು ಡಿಸ್ಕಿದ್ದರೆ ನಾಲ್ಕರಲ್ಲೂ ಅದರ ನಕಲು, ಯಾವುದು ಉಳಿದರೂ ಪೆಟ್ಟಿಗೆ ಏಳುತ್ತದೆ. ಉಳಿದ ದೊಡ್ಡ ಪಾಲು ನಮ್ಮದು. ಅದರ ಮೇಲೆ ರೇಡ್, ರೇಡಿನ ಮೇಲೆ ಎಲ್‌ವಿಎಂ ಎಂಬ ಇನ್ನೊಂದು ಪದರ (ಲಿನಕ್ಸಿಗೆ ಇದನ್ನು 1998ರಲ್ಲಿ ಬರೆದವರು ಹೈನ್ಜ್ ಮೌಯೆಲ್ಸ್‌ಹಾಗೆನ್), ಕೊನೆಗೆ ಎಲ್ಲಕ್ಕಿಂತ ಮೇಲೆ ಫೈಲುಗಳ ವ್ಯವಸ್ಥೆ. ಒಟ್ಟಿನಲ್ಲಿ ಜಮೀನು, ಪಾಲು, ಪಾಲುಗಳನ್ನು ಒಟ್ಟು ಮಾಡಿದ ಕೂಡುಬೇಸಾಯ, ಅದರಲ್ಲಿ ಮತ್ತೆ ಹೊಲಗಳು!

ಈ ಪದರಗಳಿಂದ ಒಂದು ಒಳ್ಳೆಯ ಲಾಭವಿದೆ. 1 ಟಿಬಿಯದೊಂದು, 2 ಟಿಬಿಯವು ಎರಡು, ಹೀಗೆ ಮೂರು ಡಿಸ್ಕಿವೆ ಎನ್ನಿ. ಹಳೆಯ ರೇಡ್ 5 ಎಲ್ಲರನ್ನೂ ಚಿಕ್ಕವನ ಅಳತೆಗೆ ಕತ್ತರಿಸುತ್ತದೆ. ಮೂರು ಒಂದೊಂದು ಟಿಬಿ, ಅದರಲ್ಲಿ ಒಂದು ಕಾವಲಿಗೆ, ಕೈಗೆ ಸಿಗುವುದು 2 ಟಿಬಿ. ದೊಡ್ಡ ಎರಡರಲ್ಲಿ ಉಳಿದ ಒಂದೊಂದು ಟಿಬಿ ದಂಡ. ಅದೇ ದೊಡ್ಡ ಡಿಸ್ಕುಗಳಲ್ಲಿ ಎರಡೆರಡು ಪಾಲು ಮಾಡಿ, ಮೊದಲ ಪಾಲು ಮೂರನ್ನು ರೇಡ್ 5ಕ್ಕೂ, ಉಳಿದ ಎರಡನ್ನು ರೇಡ್ 1ಕ್ಕೂ ಹಾಕಿ, ಎಲ್‌ವಿಎಂನಿಂದ ಹೊಲಿದರೆ 2 ಮತ್ತು 1, ಒಟ್ಟು 3 ಟಿಬಿ. ಸಿನಾಲಜಿಯವರು ಹೈಬ್ರಿಡ್ ರೇಡ್ ಎಂದು ಹೇಳಿಕೊಳ್ಳುವುದರ ಗುಟ್ಟು ಇಷ್ಟೇ. ಮಾಂತ್ರಿಕತೆ ಏನಿಲ್ಲ, ಜಾಣ ಪಾಲುಪಟ್ಟಿ.

ಇಷ್ಟರಲ್ಲಿ 1983ರ ಚೀಟಿಯ ಕೊನೆಯ ಮಿತಿ ಎದುರಾಯಿತು. ಅದರಲ್ಲಿ ಪಾಲಿನ ಉದ್ದ ಬರೆಯಲು ಇದ್ದ ಜಾಗ 32 ಬಿಟ್ಟು. 512 ಬೈಟಿನ ತುಣುಕಿನ ಲೆಕ್ಕದಲ್ಲಿ ಅದು ಸುಮಾರು 2.2 ಟಿಬಿಗೆ ಮುಗಿಯುತ್ತದೆ. 10 ಎಂಬಿ ಡಿಸ್ಕಿನ ಕಾಲದಲ್ಲಿ ಅಷ್ಟು ಬಿಟ್ಟದ್ದೇ ಧಾರಾಳ, ಬೈಯುವಂತಿಲ್ಲ. 2010ರಲ್ಲಿ 3 ಟಿಬಿ ಡಿಸ್ಕು ಅಂಗಡಿಗೆ ಬಂತು. ಹಳೆಯ ವಿಂಡೋಸ್ ಎಕ್ಸ್‌ಪಿಯಲ್ಲಿ ಅದನ್ನು ಹಾಕಿ 746 ಜಿಬಿ ಮಾತ್ರ ಕಂಡು ತಲೆ ಕೆರೆದುಕೊಂಡವರಿದ್ದರು. ಲೆಕ್ಕದ ಚಕ್ರ ಒಂದು ಸುತ್ತು ತಿರುಗಿ ಮತ್ತೆ ಸೊನ್ನೆಯಿಂದ ಶುರುವಾಗಿ ನಿಂತ ಜಾಗ ಅದು.

ಅದರ ಬದಲಿ ಮೊದಲೇ ಸಿದ್ಧವಿತ್ತು. ಇಂಟೆಲ್ ಕಂಪನಿ 1990ರ ದಶಕದ ಕೊನೆಯಲ್ಲಿ ರೂಪಿಸಿದ ಜಿಪಿಟಿ. ಈಗ ಎಲ್ಲರ ಬಾಯಲ್ಲಿರುವ ಆ ಜಿಪಿಟಿ ಅಲ್ಲ, ಗುಯಿಡ್ ಪಾರ್ಟಿಷನ್ ಟೇಬಲ್. ಇದರಲ್ಲಿ ಅಂಕಿಗೆ 64 ಬಿಟ್ಟು, ಸಾಮಾನ್ಯವಾಗಿ 128 ಪಾಲಿನವರೆಗೆ ಜಾಗ. ಬ್ಯಾಂಕಿನವನಾಗಿ ನಾನು ಮೆಚ್ಚಿದ್ದು ಬೇರೆ ಎರಡು ಸಂಗತಿಗಳನ್ನು. ಒಂದು, ಪಟ್ಟಿಯ ಒಂದು ಪ್ರತಿ ಡಿಸ್ಕಿನ ತಲೆಯಲ್ಲಿ, ಇನ್ನೊಂದು ಕಾಲಿನ ತುದಿಯಲ್ಲಿ. ಪ್ರತಿಯೊಂದಕ್ಕೂ ತಪ್ಪು ಹಿಡಿಯುವ ತಾಳೆ ಅಂಕಿ. ಮೂಲಪತ್ರ ಹರಿದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ನಕಲು ತೆಗೆಸಿದ ಹಾಗೆ. ಇನ್ನೊಂದು ಇನ್ನೂ ಸೊಗಸು. ಡಿಸ್ಕಿನ ಮೊದಲ 512 ಬೈಟಿನಲ್ಲಿ ಹಳೆಯ ರೀತಿಯ ಪಟ್ಟಿಯನ್ನೂ ಬಿಟ್ಟಿದ್ದಾರೆ. ಅದರಲ್ಲಿ ಒಂದೇ ಸಾಲು: ಈ ಡಿಸ್ಕು ಪೂರ್ತಿ ಇಇ ಎಂಬ ಗುರುತಿನವನದ್ದು. ಹೊಸ ಪಟ್ಟಿ ಓದಲು ಬಾರದ ಹಳೆಯ ಪ್ರೋಗ್ರಾಮು ಬಂದು, ಇದು ಖಾಲಿ ಎಂದು ಉಳುಮೆ ಶುರುಮಾಡದಿರಲಿ ಅಂತ. ಅಂದರೆ ನನ್ನ ಆ ಭಾನುವಾರದ ಪ್ರಶ್ನೆಯನ್ನು ಇಪ್ಪತ್ತೈದು ವರ್ಷ ಹಿಂದೆಯೇ ಯಾರೋ ಯೋಚಿಸಿದ್ದರು!

ಹಾಗಿದ್ದರೆ ನನ್ನ ವಿಂಡೋಸ್ ಹಾಗೇಕೆ ಕೇಳಿತು? ಅದು ಪಾಲುಪಟ್ಟಿಯನ್ನು ಓದಿತ್ತು. ಪಾಲಿನ ಒಳಗೆ ಲಿನಕ್ಸಿನ ಲಿಪಿ, ಅದು ಗುರುತು ಹತ್ತಲಿಲ್ಲ. ಗುರುತು ಹತ್ತದ್ದನ್ನೆಲ್ಲ ಅದು ಕಚ್ಚಾ ಜಾಗ ಎಂದೇ ತಿಳಿಯುತ್ತದೆ.

ಮುಂದಿನ ಶನಿವಾರ ಮಗಳು ವಿಡಿಯೋ ಕಾಲಿನಲ್ಲಿ ಕೂತಳು. ಒಂದು ಪೆನ್‌ಡ್ರೈವಿಗೆ ಉಬುಂಟು ಇಳಿಸಿ, ಅದರಿಂದ ಲ್ಯಾಪ್‌ಟಾಪ್ ಎಬ್ಬಿಸಿ, ಡಿಸ್ಕು ಜೋಡಿಸಿದೆ. ಅವಳು ಅಕ್ಷರ ಅಕ್ಷರವಾಗಿ ಹೇಳಿದಂತೆ ಕಪ್ಪು ಪರದೆಯಲ್ಲಿ ಟೈಪಿಸಿದೆ. ಬಳಸಿದ್ದು ಎಂಡಿಆಡ್ಮ್ ಎಂಬ ಸಲಕರಣೆ. ನೀಲ್ ಬ್ರೌನ್ ಎಂಬ ಆಸ್ಟ್ರೇಲಿಯದವರು 2001ರಲ್ಲಿ ಬರೆದದ್ದು, ಪುಕ್ಕಟೆ. ಜೋಡಿಯಲ್ಲಿ ಒಂದೇ ಇದೆ, ಆದರೂ ಓದಲು ಮಾತ್ರ ತೆರೆ ಎಂಬ ಆಜ್ಞೆ. ಫೋಲ್ಡರುಗಳು ಒಂದೊಂದಾಗಿ ಕಂಡವು. "ಅಪ್ಪಯ್ಯ ತಾಳಮದ್ದಳೆ" ಎಂದಿದ್ದದ್ದನ್ನು ಒತ್ತಿದೆ. ಚಂಡೆಯಿಲ್ಲದ ಆ ಮದ್ದಳೆ, ಹಿಂದೆ ಯಾರೋ ಕೆಮ್ಮಿದ್ದು, ಆಮೇಲೆ ಅಪ್ಪಯ್ಯ. ನನ್ನವಳು ಗ್ಯಾಸ್ ಆರಿಸಿ ಬಂದು ಕೂತಳು.

ಎಲ್ಲರಿಗೂ ಹೀಗೆ ಸಿಗುವುದಿಲ್ಲ. 2007ರಲ್ಲಿ ಡ್ರೋಬೋ ಎಂಬ ಪೆಟ್ಟಿಗೆ ಬಂದಿತ್ತು, ಯಾವ ಅಳತೆಯ ಡಿಸ್ಕಾದರೂ ತುರುಕಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎನ್ನುವಂಥದ್ದು. ಅದರ ಪಾಲಿನ ಲೆಕ್ಕ ಅದರದ್ದೇ ಗುಪ್ತಲಿಪಿ. ಆ ಕಂಪನಿಯನ್ನು ಕೊಂಡಿದ್ದ ಸ್ಟೋರ್‌ಸೆಂಟ್ರಿಕ್ 2022ರಲ್ಲಿ ದಿವಾಳಿ ಅರ್ಜಿ ಹಾಕಿ, 2023ರಲ್ಲಿ ಮುಚ್ಚುವ ಹಂತಕ್ಕೆ ಹೋಯಿತು. ಅದರ ಡಿಸ್ಕು ಇನ್ನೊಂದು ಡ್ರೋಬೋದಲ್ಲಿ ಓದುತ್ತದೆ. ಹೊಸ ಡ್ರೋಬೋ ಮಾಡುವವರಿಲ್ಲ.

ಇನ್ನು, ಆಮೇಲೆ ಹೇಳುತ್ತೇನೆ ಎಂದ ಮಾತು. 41 ಕ್ಯಾಸೆಟ್ಟಿನಲ್ಲಿ ಒಂದು ಪೂರ್ತಿಯಾಗಿಲ್ಲ. ಅದನ್ನು ಕಳೆದದ್ದು ಮಳೆಯಲ್ಲ, ಕರೆಂಟಲ್ಲ, ನಾನೇ. 2019ರಲ್ಲಿ ಜಾಗ ತುಂಬಿತೆಂದು ಪೆಟ್ಟಿಗೆಯನ್ನು ಚೊಕ್ಕಟ ಮಾಡಲು ಕೂತವನು, ಎರಡೆರಡು ಪ್ರತಿ ಇವೆ ಎಂದುಕೊಂಡು ಒಂದು ಫೋಲ್ಡರು ಅಳಿಸಿದೆ. ಅದಕ್ಕೆ ಬೇರೆ ಪ್ರತಿ ಇರಲಿಲ್ಲ. ಎರಡು ಡಿಸ್ಕು ಇದೆಯಲ್ಲ ಎಂದು ಧೈರ್ಯವಾಗಿದ್ದೆ. ರೇಡ್ 1 ಬಹಳ ವಿಧೇಯ. ಇಲ್ಲಿ ಅಳಿಸಿದ್ದನ್ನು ಆ ಕ್ಷಣವೇ ಅಲ್ಲೂ ಅಳಿಸುತ್ತದೆ. ಡಿಸ್ಕು ಸತ್ತರೆ ಅದು ಕಾಯುತ್ತದೆ, ಯಜಮಾನನ ಕೈಯಿಂದ ಕಾಯುವುದಿಲ್ಲ. ನನಗೆ ಗೊತ್ತಾದದ್ದು ಎಂಟು ತಿಂಗಳ ಮೇಲೆ, ಅಷ್ಟರಲ್ಲಿ ಆ ಜಾಗದ ಮೇಲೆ ಗೃಹಪ್ರವೇಶದ ವಿಡಿಯೋಗಳು ಬಂದು ಕೂತಿದ್ದವು. ಮೂಲ ಕ್ಯಾಸೆಟ್ಟುಗಳು ಬೂಸಲು ಹಿಡಿದವೆಂದು ಅದಕ್ಕೂ ಎರಡು ವರ್ಷ ಮೊದಲೇ ಎಸೆದಾಗಿತ್ತು. ಇಪ್ಪತ್ತೇಳು ವರ್ಷ ಬ್ಯಾಂಕಿನಲ್ಲಿ ದಿನಾ ಸಂಜೆ ಬ್ಯಾಕಪ್ಪಿಗೆ ಸಹಿ ಹಾಕಿದವನು ನಾನು!

ನಂತರ ಓದಿದಾಗ ತಿಳಿಯಿತು, ನಾನೊಬ್ಬನೇ ಅಲ್ಲ. 2021ರ ಜೂನಿನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಎಂಬ ಹಳೆಯ ಪೆಟ್ಟಿಗೆಗಳನ್ನು ಇಂಟರ್ನೆಟ್ಟಿನ ಮೂಲಕ ಯಾರೋ ಹೊಕ್ಕು ಫ್ಯಾಕ್ಟರಿ ರೀಸೆಟ್ ಮಾಡಿಬಿಟ್ಟರು. ಡಿಸ್ಕುಗಳಿಗೆ ಏನೂ ಆಗಿರಲಿಲ್ಲ, ಬೆಳಗಾಗುವಷ್ಟರಲ್ಲಿ ಖಾಲಿ. ಡಿಸ್ಕುಗಳ ಆಯಸ್ಸಿನ ಬಗ್ಗೆಯೂ ಕಂಪನಿಯ ಕಾಗದವನ್ನು ಪೂರ್ತಿ ನಂಬುವಂತಿಲ್ಲ. ರೇಡ್ ಪ್ರಬಂಧದ ಅದೇ ಗಾರ್ತ್ ಗಿಬ್ಸನ್, ಬಿಯಾಂಕಾ ಶ್ರೋಡರ್ ಜೊತೆ 2007ರಲ್ಲಿ ಸುಮಾರು ಒಂದು ಲಕ್ಷ ಡಿಸ್ಕುಗಳ ದಾಖಲೆ ನೋಡಿದರು. ಕಾಗದದ ಪ್ರಕಾರ ವರ್ಷಕ್ಕೆ ಶೇ. 0.88ಕ್ಕಿಂತ ಹೆಚ್ಚು ಸಾಯಬಾರದು. ಬದಲಾಯಿಸಬೇಕಾಗಿ ಬಂದದ್ದು ಸಾಮಾನ್ಯವಾಗಿ ಶೇ. 2ರಿಂದ 4, ಕೆಲವು ಕಡೆ 13ರವರೆಗೆ.

ಈಗಿನ ನನ್ನ ವ್ಯವಸ್ಥೆ ಹೀಗಿದೆ. ಹೊಸ ಪೆಟ್ಟಿಗೆ, ಮತ್ತೆ ಎರಡು ಡಿಸ್ಕು. ಅದು ದಿನಕ್ಕೊಮ್ಮೆ ಆ ದಿನದ ಸ್ಥಿತಿಯನ್ನು ಹಿಡಿದಿಡುತ್ತದೆ, ಸ್ನ್ಯಾಪ್‌ಶಾಟ್ ಎನ್ನುತ್ತಾರೆ. ಇಂದು ಅಳಿಸಿದ್ದು ನಿನ್ನೆಯದರಲ್ಲಿ ಸಿಗುತ್ತದೆ. ತಿಂಗಳಿಗೊಮ್ಮೆ ಒಂದು ಬಿಡಿ ಯುಎಸ್‌ಬಿ ಡಿಸ್ಕಿಗೆ ಎಲ್ಲ ನಕಲಿಸಿ ಬ್ಯಾಂಕಿನ ಲಾಕರಿನಲ್ಲಿ ಇಡುತ್ತೇನೆ, ನನ್ನವಳ ಸರದ ಪಕ್ಕದಲ್ಲಿ. ಇನ್ನೊಂದು ಬೆಂಗಳೂರಲ್ಲಿ ಮಗಳ ಹತ್ತಿರ. ಪಾಲುಪಟ್ಟಿಯ ಒಂದು ಚಿತ್ರ, ಯಾವ ಡಿಸ್ಕು ಯಾವ ಗೂಡಿನಲ್ಲಿತ್ತು ಎಂಬುದು, ಓದಲು ಬೇಕಾದ ನಾಲ್ಕು ಆಜ್ಞೆಗಳು, ಇಷ್ಟನ್ನೂ ಒಂದು ಕಾಗದದಲ್ಲಿ ಬರೆದು ಪೆಟ್ಟಿಗೆಯ ಕೆಳಗೆ ಅಂಟಿಸಿದ್ದೇನೆ. ನಾನಿಲ್ಲದಾಗ ಓದುವವರಿಗೆ ಬೇಕಲ್ಲ.

ಕಳೆದದ್ದು ಕರ್ಣಭೇದನದ ಬಿ ಬದಿ. 1987ರ ನವರಾತ್ರಿಯಲ್ಲಿ ನಮ್ಮೂರ ದೇವಸ್ಥಾನದಲ್ಲಿ ನಡೆದ ಕೂಟ. ಎ ಬದಿ ಉಳಿದಿದೆ. ಅದರಲ್ಲಿ ಕೃಷ್ಣ, ನೀನು ಯಾರ ಮಗ ಗೊತ್ತೇ ಎಂದು ಕರ್ಣನಿಗೆ ಹುಟ್ಟಿನ ಕತೆ ಹೇಳಿ, ರಾಜ್ಯದಲ್ಲಿ ನಿನ್ನದೂ ಪಾಲಿದೆ ಬಾ ಎಂದು ಕರೆಯುತ್ತಾನೆ. ಅಪ್ಪಯ್ಯ ಅವತ್ತು ಕರ್ಣ. ಉತ್ತರ ಕೊಡಲು ಗಂಟಲು ಸರಿಮಾಡಿಕೊಳ್ಳುವುದು ಕೇಳಿಸುತ್ತದೆ, ಅಲ್ಲಿಗೆ ಟೇಪು ಮುಗಿಯುತ್ತದೆ. ಆಗ ಒಂದೇ ಕೂಟಕ್ಕೆ ಮೂರು ನಾಲ್ಕು ಜನ ಟೇಪ್ ರೆಕಾರ್ಡರು ತಂದು ಮುಂದೆ ಇಡುತ್ತಿದ್ದರು. ಅವರಲ್ಲಿ ಕೆಲವರು ಆಮೇಲೆ ನಮ್ಮ ಹಾಗೆಯೇ ಮುಂಬಯಿಗೋ ಪುಣೆಗೋ ಬಂದಿದ್ದಾರೆ. ಕುಂದಾಪುರದ ಕಡೆಯವರು ಯಾರಾದರೂ ಓದುತ್ತಿದ್ದರೆ, ಅಟ್ಟದ ಮೇಲಿನ ಕ್ಯಾಸೆಟ್ ಡಬ್ಬವನ್ನು ಒಮ್ಮೆ ಇಳಿಸಿ ನೋಡಿ. ಬೂಸಲು ಹಿಡಿದಿದ್ದರೂ ಎಸೆಯಬೇಡಿ, ನನಗೆ ಹೇಳಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.